ಅಯಾನ್ ಅಳಿಸಲು ಬಂದವನು

"ಇದನ್ನ ನಾನು ಟೈಪ್ ಮಾಡಲ್ಲ. ಬೇರೆ ಕಡೆ ಹೋಗಿ."

ಅಶಾಬಿ ಎಷ್ಟು ಜೋರಾಗಿ ತಳ್ಳಿದಳೆಂದರೆ, ಆ ಹಾಳೆ ಮೇಜು ದಾಟಿ ಯುವಕನ ಎದೆಗೆ ತಾಗಿ ಕೆಳಗೆ ಬಿತ್ತು.

ಓಯೋ ಪಟ್ಟಣದ ಕೋರ್ಟಿನ ಎದುರಿಗಿದ್ದ ಆ ತಗಡಿನ ಅಂಗಡಿಯಲ್ಲಿ ಕಾಯುತ್ತಿದ್ದ ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು. ಅಫಿಡವಿಟ್ ಟೈಪ್ ಮಾಡಿಕೊಡುವುದೇ ಅಶಾಬಿಯ ಕೆಲಸ. ಬಂದ ಗಿರಾಕಿಯನ್ನು ಅವಳು ಹೀಗೆ ಗದರಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಅವನು ಬಗ್ಗಿ ಹಾಳೆ ಎತ್ತಿಕೊಂಡ. "ಇದರಲ್ಲೇನು ತಪ್ಪಿದೆ, ಮೇಡಂ?"

"'ಇಶೋಲಾ ಅಯಾನ್ನಿಯಿ ಆದ ನಾನು ಇನ್ನು ಮುಂದೆ ಇಶೋಲಾ ಓಲುನಿಯಿ' ಅಂತ ಬರೆದಿದ್ದೀರಲ್ಲ! ಅಯಾನ್ನಿಯಿ ಅಂದ್ರೆ ಡೋಲಿಗೆ ಘನತೆ ಇದೆ ಅಂತ. ನೀವು ಡೋಲನ್ನ ಕಿತ್ತು ಬಿಸಾಕಿ, ದೇವರಿಗೆ ಘನತೆ ಇದೆ ಅಂತ ಮಾಡ್ಕೊಳ್ತಿದ್ದೀರಿ. ದೇವರಿಗೆ ನಿಮ್ಮಿಂದ ಘನತೆ ಬರಬೇಕಿತ್ತಾ?"

ಅಯಾನ್ ಎಂದರೆ ಮೊಟ್ಟಮೊದಲ ಡೋಲುಗಾರ. ಡೋಲಿನ ಮರದೊಳಗೆ ನೆಲೆಸಿದ ದೈವವೂ ಅವನೇ. ಡೋಲುಗಾರರ ಮನೆಯಲ್ಲಿ ಹುಟ್ಟಿದ ಕೂಸು ಗಂಡಾಗಲಿ, ಹೆಣ್ಣಾಗಲಿ, ಅದರ ಮನೆತನದ ಹೆಸರು ಅಯಾನ್ ಎಂದೇ ಶುರುವಾಗಬೇಕು. ಅಶಾಬಿ ಚಿಕ್ಕವಳಿದ್ದಾಗ ಅಕೆಸನ್ ಸಂತೆಯಲ್ಲಿ ಯಾರಾದರೂ "ಏ ಅಯಾನ್" ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತಿತ್ತು.

ಈಗ? ಒಬ್ಬ ಬ್ಯಾಂಕ್ ನೌಕರಿ ಸಿಕ್ಕಿತೆಂದು ಓಲು ಆದ. ಇನ್ನೊಬ್ಬಳು ಅತ್ತೆಮನೆಯವರು ಮೂಗು ಮುರಿದರೆಂದು ಕ್ರಿಸ್ತನ ಹೆಸರು ಹಿಡಿದು ಜೇಸು ಆದಳು. ಕಂಡವರ ಮದುವೆಯಲ್ಲಿ ಹಣೆಗೆ ನೋಟು ಅಂಟಿಸಿಕೊಂಡು ಬಾರಿಸುವವರ ವಂಶ ಎಂದು ಯಾರೂ ಆಡಿಕೊಳ್ಳಬಾರದಲ್ಲ! ಆ ವರ್ಷ ಅಶಾಬಿಯ ಕೈಯಿಂದಲೇ ಹದಿನೇಳು ಅಯಾನ್‌ಗಳು ಅಳಿದಿದ್ದವು. ಹಲ್ಲು ಕಚ್ಚಿಕೊಂಡು ಟೈಪ್ ಮಾಡಿದ್ದಳು.

ಆದರೆ ಆ ಹದಿನೇಳು ಮಂದಿಗೆ ಡೋಲು ಹಿಡಿಯಲೂ ಬರುತ್ತಿರಲಿಲ್ಲ. ಇವನ ಎಡಗೈಯಲ್ಲಿ ಡೋಲಿನ ಬಾರು ಒತ್ತಿ ಒತ್ತಿ ದಡ್ಡುಗಟ್ಟಿದ ಗುರುತಿತ್ತು. ಅದನ್ನು ನೋಡಿಯೇ ಅವಳ ಪಿತ್ತ ನೆತ್ತಿಗೇರಿದ್ದು.

"ನಾಚಿಕೆ ಆಗುತ್ತಾ ನಿಮ್ಮಪ್ಪನ ಹೆಸರು ಹೇಳೋಕೆ?"

ಇಶೋಲಾನ ಕಣ್ಣುಗಳು ಕೆಂಪಾದವು. ಏನೋ ಹೇಳಲು ಬಾಯಿ ತೆರೆದವನು, ಅವಳ ತಲೆಯ ಮೇಲಿದ್ದ ಬೋರ್ಡನ್ನು ನೋಡಿ ತಡೆದುಕೊಂಡ. 'ಅಶಾಬಿ ಅಯಾನ್‌ಲೇಕೆ' ಎಂದಿತ್ತು. ಡೋಲುಗಾರರ ಸಂಘದ ಹಿರಿಯನ ಮನೆತನದ ಹೆಸರು.

"ಹೌದು, ನಾಚಿಕೆ. ಹಾಗೇ ಅಂದ್ಕೊಳ್ಳಿ," ಎಂದು ಹೊರಟುಹೋದ.

ಮರುದಿನ ಮತ್ತೆ ಬಂದ. ಪಕ್ಕದ ಅಂಗಡಿಯವನ ಪ್ರಿಂಟರ್ ಕೆಟ್ಟಿತ್ತಂತೆ. ಅವಳು ಮತ್ತೆ ಇಲ್ಲವೆಂದಳು.

ಮೂರನೆಯ ದಿನವೂ ಬಂದು ಬೆಂಚಿನ ಮೇಲೆ ಕೂತುಬಿಟ್ಟ. ಆಗಲೇ ಜನರೇಟರ್ ಕೆಮ್ಮಿ ನಿಂತಿತು. ಅಂಗಡಿಯಲ್ಲಿ ಇದ್ದಕ್ಕಿದ್ದಂತೆ ಮೌನ... ಆ ಮೌನದಲ್ಲಿ ಇಶೋಲಾನ ಬೆರಳುಗಳು ತಮ್ಮಷ್ಟಕ್ಕೆ ಬೆಂಚನ್ನು ತಟ್ಟತೊಡಗಿದವು.

ಎರಡು ತಗ್ಗು, ಒಂದು ಏರು. ಎರಡು ತಗ್ಗು, ಒಂದು ಏರು.

ಆ ಊರಿನ ಡೋಲು ಮಾತಿನ ಏರಿಳಿತವನ್ನೇ ನುಡಿಯುತ್ತದೆ; ಡೋಲುಗಾರರ ಮಗಳಿಗೆ ಅರ್ಥ ಹೇಳಬೇಕೆ? *ಅ-ಶಾ-ಬಿ.* ಆಮೇಲೆ ಅವಳ ಮನೆತನದ ಹೆಸರು. ಆಮೇಲೆ, ಅವಳ ಅಜ್ಜಿ ಸತ್ತ ಮೇಲೆ ಯಾರೂ ನುಡಿಸದ ಹೊಗಳಿಕೆಯ ಸಾಲು.

ಅವಳು ಮುಖ ಆ ಕಡೆ ತಿರುಗಿಸಿದಳು. *ಇವನ ಮುಂದೆ ಅಳಬಾರದು... ಇವನ ಮುಂದಂತೂ ಅಳಬಾರದು.*

ಅಳು ಬರುವ ಮೊದಲೇ ಕೋಪ ಬಂತು. ಜನರೇಟರಿನ ಹಗ್ಗವನ್ನು ತಾನೇ ಎಳೆದು, ಟಪಟಪನೆ ಟೈಪ್ ಮಾಡಿ ಹಾಳೆಯನ್ನು ಅವನ ಕೈಗೆ ತುರುಕಿದಳು.

"ತಗೊಳ್ಳಿ. ಇಂಥ ಬೆರಳಿಟ್ಕೊಂಡು ಓಡಿಹೋಗೋನು ಹೇಡಿ. ಇನ್ನೊಂದು ಸಲ ಈ ಕಡೆ ತಲೆ ಹಾಕ್ಬೇಡಿ."

ಅವನು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಬಿಸಿಲಿಗೆ ಇಳಿದ.

ಸಂಜೆ ಅವಳ ತಂದೆ ಬಾಬಾ ಅಯಾನ್‌ಲೇಕೆ ಅಮಲಾ ಮುದ್ದೆ ಮುರಿಯುತ್ತ ಕೇಳಿದರು, "ಆ ಅಯಾನ್ನಿಯಿ ಹುಡುಗನ ಕಾಗದ ಆಯ್ತೇನೆ? ಸೋಮವಾರದೊಳಗೆ ಪೇಪರಲ್ಲಿ ಬರಬೇಕು."

ಅಶಾಬಿಯ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. "ನಿಮಗೆ ಹೇಗೆ ಗೊತ್ತು ಬಾಬಾ?"

"ನಾನೇ ಹೇಳಿದ್ದು. ಪುರಸಭೆ ಚೇರ್ಮನ್ ತಾಯಿ ತಿಥಿ ಊಟದಲ್ಲಿ, ಅಷ್ಟು ಜನರ ಮುಂದೆ, ಈ ಹುಡುಗ 'ಊರಿನ ರಸ್ತೆ ನುಂಗಿದವನಿಗೆ ಇವತ್ತು ಹೊಟ್ಟೆ ತುಂಬಿದೆ' ಅಂತ ಡೋಲಲ್ಲಿ ನುಡಿಸಿದ. ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ಮಾರನೇ ದಿನದಿಂದ ಒಂದು ಮನೆಯವರೂ ನಮ್ಮನ್ನ ಕರೀತಿಲ್ಲ. ಅವನು ನಮ್ಮವನಲ್ಲ, ಅಯಾನ್ ಹೆಸರನ್ನೇ ಬಿಡ್ತಾನೆ ಅಂತ ನಾನು ಚೇರ್ಮನ್‌ಗೆ ಮಾತು ಕೊಟ್ಟೆ."

"ಅವನು ಒಪ್ಪಿದನಾ?"

"ಹದಿನಾಲ್ಕು ಮನೆಯ ಒಲೆ ಆರುತ್ತೆ ಅಂದೆ. ಒಪ್ಪಿದ."

ಅಶಾಬಿ ಸೌಟನ್ನು ಪಾತ್ರೆಗೆ ಬಿಟ್ಟಳು. *ಹೇಡಿ ಅಂದೆನಲ್ಲ... ಬೋರ್ಡು ನೋಡಿ ಸುಮ್ಮನಾದ. ನಮ್ಮಪ್ಪನ ಹೆಸರು ಹೇಳಬಾರದು ಅಂತ ಸುಮ್ಮನಾದ!*

ಶನಿವಾರ ಬೆಳಿಗ್ಗೆ ಅಂಗಳದ ನೆರಳಿನಲ್ಲಿ ಸಂಘದವರು ಸೇರಿದ್ದರು. ಅಶಾಬಿ ಅಂಗಡಿಯಿಂದ ನೇರವಾಗಿ ಬಂದು, ಪದ್ಧತಿಯಂತೆ ತಂದೆಯ ಮುಂದೆ ಮಂಡಿಯೂರಿದಳು. ಒಂದು ಹಾಳೆ ಮುಂದಿಟ್ಟಳು.

"ಓದಿ, ಬಾಬಾ."

"ಏನಿದು?"

"ಅಶಾಬಿ ಅಯಾನ್‌ಲೇಕೆ ಆದ ನಾನು ಇನ್ನು ಮುಂದೆ ಬರೀ ಅಶಾಬಿ. ನಿಜ ನುಡಿಸಿದವನು ಅಯಾನ್ ಅಲ್ಲ ಅಂದ್ರೆ, ನಾನೂ ಅಲ್ಲ."

"ಬುದ್ಧಿ ನೆಟ್ಟಗಿದೆಯಾ?" ಬಾಬಾ ಗುಡುಗಿದರು. "ಮಕ್ಕಳು ಹಸಿದು ಕೂತ್ರೆ ಹೆಸರು ತಿನ್ನಿಸ್ತೀಯಾ?"

ಅವಳು ಮಂಡಿಯೂರಿಯೇ ಇದ್ದಳು. ದನಿ ಮಾತ್ರ ತಗ್ಗಲಿಲ್ಲ. "ದಾರಿ ಬದಿಯ ಮರದಿಂದಲೇ ಡೋಲು ಮಾಡಬೇಕು, ಜನರ ಮಾತು ಕೇಳಿ ಬೆಳೆದ ಮರ ಅದು ಅಂತ ನಂಗೆ ಹೇಳ್ಕೊಟ್ಟೋರು ಯಾರು? ಇಶೋಲಾ ಜನ ಹೇಳಿದ್ದನ್ನೇ ನುಡಿಸಿದ. ಊರೋರೆಲ್ಲ ನಾಚ್ಕೊಂಡು ಈ ಹೆಸರು ಬಿಡ್ತಿದ್ದಾರೆ ಬಾಬಾ. ಅದಕ್ಕೆ ಯೋಗ್ಯ ಅಂತ ಉಳಿದಿದ್ದ ಒಬ್ಬನ ಕೈಯಿಂದ ನೀವೇ ಕಿತ್ಕೊಂಡ್ರಿ. ಆ ಕಾಗದ ನನ್ನ ಕೈಯಲ್ಲೇ ಟೈಪ್ ಮಾಡಿಸಿದ್ರಿ."



ಬಾಬಾ ಹಾಳೆಯನ್ನು ಎರಡು ಸಲ ಓದಿದರು.

"ನೀನು ಹುಟ್ಟಿದ ಎಂಟನೇ ದಿನ ಈ ಪೂರ್ತಿ ಹೆಸರನ್ನ ನಾನೇ ಕರೆದಿದ್ದು," ಎಂದರು, ತಮಗೇ ಹೇಳಿಕೊಂಡಂತೆ. "ಹೆದರಿಬಿಟ್ಟೆ ಕಣೆ. ವಯಸ್ಸಾಯ್ತು, ಹೆದರಿಬಿಟ್ಟೆ."

ಆಮೇಲೆ ತಲೆಯೆತ್ತಿ ಸಂಘದವರಿಗೆ ಹೇಳಿದರು, "ಚೇರ್ಮನ್‌ಗೆ ಹೇಳಿ ಕಳಿಸಿ. ಹುಡುಗ ಹೆಸರು ಬಿಡಲ್ಲ. ನಮ್ಮ ಡೋಲು ಇನ್ನು ಆ ಚೇರ್ಮನ್ ಮನೆ ಮೆಟ್ಟಿಲು ಹತ್ತಲ್ಲ."

ಇಬ್ಬರು ಗೊಣಗುತ್ತ ಎದ್ದು ಹೋದರು. ಉಳಿದವರು ಕೂತರು. ಮುಂದಿನ ತಿಂಗಳುಗಳು ಸುಲಭವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಇಸೇಯಿನ್ ರಸ್ತೆಯಲ್ಲಿ ಇಶೋಲಾನ ಸೋದರಮಾವ ಡೋಲಿನ ಮರ ಕೆತ್ತುವ ಜಾಗವಿತ್ತು. ಅಶಾಬಿ ಅಲ್ಲಿಗೆ ಹೋದಾಗ ಇಶೋಲಾ ಒಬ್ಬನೇ ಕೂತು ಉಳಿ ಹಿಡಿದಿದ್ದ. ಅವಳನ್ನು ಕಂಡು ಎದ್ದು ನಿಂತ.

"ಹರಿದು ಹಾಕಿ," ಅಂದಳು. "ಆ ಕಾಗದ. ಬಾಬಾ ಮನಸ್ಸು ಬದಲಾಯಿಸಿದ್ರು."

ಅವನು ಅದನ್ನು ಜೇಬಿನಿಂದ ತೆಗೆದು ಹರಿದ. ಸಣ್ಣ ಸಣ್ಣ ಚೂರಾಗುವವರೆಗೂ ಹರಿದ. ಕಣ್ಣೊರೆಸಿಕೊಳ್ಳಲು ಅತ್ತ ತಿರುಗಿದ.

"ನಿಮ್ಮನ್ನ ಹೇಡಿ ಅಂದೆ," ಎಂದಳು ಅವಳು. "ತಪ್ಪಾಯ್ತು."

"ಆ ಮಾತು ಕೇಳಿದ ಮೇಲೆ ಒಂದು ಪೆಟ್ಟೂ ಬಾರಿಸೋಕಾಗಲಿಲ್ಲ."

"ಮತ್ತೆ ನಿಜ ಹೇಳೋಕೇನಾಗಿತ್ತು? ಬಾಯಿ ಬಿದ್ದು ಹೋಗಿತ್ತಾ?"

"ಮಗಳಿಗೆ ಅಪ್ಪನ ಮೇಲೆ ಕೋಪ ಬರೋದು ಬೇಡ ಅನ್ನಿಸ್ತು."

"ಬಂತು. ಎಲ್ಲರ ಮೇಲೂ ಬಂತು. ನಿಮ್ಮ ಮೇಲೆ ಎಲ್ಲರಿಗಿಂತ ಜಾಸ್ತಿ."

"ನನ್ನ ಮೇಲೆ ಯಾಕೆ ಜಾಸ್ತಿ?"

ಅಶಾಬಿ ನೆಲ ನೋಡಿದಳು. ಮರದ ಹೊಟ್ಟು ಅವಳ ಚಪ್ಪಲಿಯ ಮೇಲೆಲ್ಲ ಹರಡಿತ್ತು. "ಬೇರೆಯವರ ಮೇಲಿನ ಕೋಪ ಮಲಗಿ ಎದ್ರೆ ಇಳಿಯುತ್ತೆ. ನಿಮ್ಮ ಮೇಲಿಂದು... ಅದರ ಜೊತೆ ಇನ್ನೇನೋ ಸೇರ್ಕೊಂಡಿದೆ. ಇಳೀತಾನೇ ಇಲ್ಲ."

ಇಶೋಲಾ ಉಳಿಯನ್ನು ಕೆಳಗಿಟ್ಟ.

"ನನಗೂ ಇಳಿದಿಲ್ಲ," ಎಂದ ಮೆಲ್ಲಗೆ. "ಪಕ್ಕದ ಅಂಗಡಿ ಪ್ರಿಂಟರ್ ಕೆಟ್ಟಿರಲಿಲ್ಲ."

ಅವಳು ಸರಕ್ಕನೆ ತಲೆಯೆತ್ತಿದಳು. ಸಿಟ್ಟು ಮಾಡಬೇಕೆಂದುಕೊಂಡಳು, ಆಗಲಿಲ್ಲ.

"ನಮ್ಮಮ್ಮನ್ನ ನಿಮ್ಮ ಮನೆಗೆ ಮಾತಾಡೋಕೆ ಕಳಿಸಲಾ, ಅಶಾಬಿ?"

"ನಮ್ಮಪ್ಪ ಚೇರ್ಮನ್‌ಗಿಂತ ಕಷ್ಟದ ಮನುಷ್ಯ."

"ಗೊತ್ತು. ನೀವು?"

"ನಾನು ಅವರಿಗಿಂತ ಕಷ್ಟ." ಅವಳ ತುಟಿಯಲ್ಲಿ ನಗು ಬಂತು. "ಕಳಿಸು, ಇಶೋಲಾ."