ಕೋಟಿನೊಳಗಿನ ಸೆಖೆ

ಬೆಳಿಗ್ಗೆ ಕಚೇರಿಯ ಬಾಗಿಲು ತಳ್ಳಿದವರೆಲ್ಲ ಹೊಸ್ತಿಲಲ್ಲೇ ಗಡಗಡ ನಡುಗಿದರು. ಎ.ಸಿ. ಹದಿನೆಂಟಕ್ಕೆ ಇಳಿದಿತ್ತು. ರಿಮೋಟು ನಾಪತ್ತೆ!

ಕರೆಂಟು ಉಳಿಸಲೆಂದು ಮ್ಯಾನೇಜರು ಹಿಂದಿನ ದಿನವಷ್ಟೇ ಹೇಳಿದ್ದರು—ಬೇಸಿಗೆ ಮುಗಿಯುವ ತನಕ ಎ.ಸಿ. ಇಪ್ಪತ್ತಾರಕ್ಕಿಂತ ಕೆಳಗಿಳಿಯಬಾರದು, ಕೋಟು, ಟೈ ಯಾರಿಗೂ ಬೇಡ. ಈಗ ಅವರ ಸಿಟ್ಟು ನೆತ್ತಿಗೇರಿತ್ತು.

"ಬೀಗ ತೆಗೆದವಳು ನೀನು. ಸಂಜೆಯೊಳಗೆ ರಿಮೋಟು ಸಿಗದಿದ್ರೆ ನಾಳೆಯಿಂದ ಬರಬೇಡ," ಎಂದು ಕಸ ಗುಡಿಸುವಾಕೆಗೆ ಹೇಳಿಬಿಟ್ಟರು. ಆಕೆಯ ಕಣ್ಣು ತುಂಬಿತು.

ಲೆಕ್ಕದ ವಿಭಾಗದ ಅಕ್ಕನಿಗೆ ಕರುಳು ಚುರ್ರೆಂದಿತು. ಯಾರ ಛತ್ರಿ, ಯಾರ ಕನ್ನಡಕ ಕಳೆದರೂ ಹುಡುಕಿಕೊಡುತ್ತಿದ್ದ ಆಕೆಗೆ ಪತ್ತೇದಾರಮ್ಮ ಎಂದೇ ಹೆಸರು.

"ನೀನು ಬಂದಾಗ ತಣ್ಣಗಿತ್ತಾ?"

"ಇಲ್ಲಕ್ಕಾ. ಗುಡಿಸೋವಾಗ ಬೆವರು ಸುರೀತಿತ್ತು. ಮೆಟ್ಟಿಲು ಒರೆಸಿ ಬರೋಷ್ಟರಲ್ಲಿ ಹಿಂಗಾಗಿತ್ತು."

"ಒಳಗೆ ಯಾರಿದ್ರು?"

"ಸೆಖೆಯಪ್ಪ, ಹೆಡ್ ಕ್ಲರ್ಕ್ ಅಣ್ಣ. ಇಬ್ಬರೇ."

ಎಲ್ಲರ ಕಣ್ಣೂ ಸೆಖೆಯಪ್ಪನ ಮೇಲೆ. ಚಳಿಗಾಲದಲ್ಲೂ ಫ್ಯಾನು ಬೇಕೆನ್ನುವ ದಢೂತಿ ಗುಮಾಸ್ತ ಅವನು.

"ನಾನ್ಯಾಕೆ ಮಾಡಲಿ? ಕರೆಂಟು ಉಳಿದ್ರೆ ತಾನೇ ನನಗೀ ಅರ್ಧ ತೋಳಿನ ಅಂಗಿ? ಟೈ ಕಟ್ಟಿ ಕಟ್ಟಿ ಕತ್ತೇ ಸವೆದುಹೋಗಿದೆ," ಎಂದ. ಅವನ ಹಲ್ಲು ಕಟಕಟ ಎನ್ನುತ್ತಿತ್ತು.

ಹೆಡ್ ಕ್ಲರ್ಕ್ ಎಂದಿನಂತೆ ಕೋಟು ತೊಟ್ಟೇ ಕೂತಿದ್ದರು.

"ಇವತ್ತೂ ಕೋಟಾ, ಅಣ್ಣ?" ಎಂದಳು ಪತ್ತೇದಾರಮ್ಮ.

"ಅಭ್ಯಾಸಬಲ."

ಅವರು ಮೇಲಿನ ಫೈಲಿಗೆ ಕೈ ಚಾಚಿದರು. ಕೋಟಿನ ತೋಳು ಜಾರಿತು. ಅಂಗಿಯ ಕಫ್ಫು ಗರಿಗರಿ. ಅದರ ಹಿಂದೆಯೇ ಅಂಗಿಯ ತೋಳು ಹಿಂಡಿ ಬಿಸಾಡಿದಂತೆ ಮುದುಡಿತ್ತು. ಪತ್ತೇದಾರಮ್ಮ ಅವರನ್ನು ಮೂಲೆಗೆ ಕರೆದಳು.

"ಕಾಲರ್ರು, ಕಫ್ಫು, ಎದೆ—ಇಷ್ಟಕ್ಕೇ ಇಸ್ತ್ರಿ. ಉಳಿದದ್ದನ್ನ ಕೋಟು ಮುಚ್ಚುತ್ತೆ. ಅತ್ತಿಗೆ ಇದ್ದಾಗ ಹೀಗಿರಲಿಲ್ಲ, ಅಲ್ವಾ? ಸೆಖೇಲಿ ನೀವೊಬ್ಬರೇ ಕೋಟು ಹಾಕಿದ್ರೆ ಯಾಕೆ ಅಂತ ಕೇಳ್ತಾರೆ. ಅದಕ್ಕೇ ಕಚೇರೀನೇ ತಣ್ಣಗೆ ಮಾಡಿದ್ರಿ. ರಿಮೋಟು ನಿಮ್ಮ ಜೇಬಲ್ಲಿದೆ. ಇವತ್ತು ಬೇರೆ ಯಾರಿಗೂ ಅಷ್ಟು ದೊಡ್ಡ ಜೇಬಿಲ್ಲ."

ಅವರು ತಲೆ ತಗ್ಗಿಸಿದರು. "ಅವಳು ಹೋದ್ಮೇಲೆ ನಂಗೆ ಇಷ್ಟೇ ಬರೋದು, ತಂಗಿ. ತೋಳು ನೆಟ್ಟಗಾದ್ರೆ ಬೆನ್ನು ಮುದುರುತ್ತೆ. ಎಲ್ಲರೂ ಅಯ್ಯೋ ಪಾಪ ಅಂತಾರೆ. ಅದನ್ನ ಹೇಗೆ ತಡ್ಕೊಳ್ಳಲಿ?"

"ಅಲ್ಲಿ ಕಸ ಗುಡಿಸೋ ಆಕೆಯ ಕೆಲಸ ಹೋಗ್ತಿದೆ, ಅಣ್ಣ."

ಅವರು ನೇರ ಮ್ಯಾನೇಜರ ಬಳಿ ಹೋಗಿ ರಿಮೋಟು ಕೊಟ್ಟರು. "ನಾನೇ ಮಾಡಿದ್ದು," ಎಂದವರೇ ಎಲ್ಲರೆದುರು ಕೋಟು ಬಿಚ್ಚಿದರು. ಬೆನ್ನ ತುಂಬ ಸುಕ್ಕು. ಸೆಖೆಯಪ್ಪನೂ ನಗಲಿಲ್ಲ.

"ಇಷ್ಟಕ್ಕೇನಾ, ಅಣ್ಣಾ, ನನ್ನ ಅನ್ನಕ್ಕೆ ಕಲ್ಲು ಹಾಕಕ್ಕೆ ಹೊರಟಿದ್ದು?" ಎಂದಳು ಗುಡಿಸುವಾಕೆ.

"ತಪ್ಪಾಯ್ತಮ್ಮ."

ಆಕೆ ಕಣ್ಣೊರೆಸಿಕೊಂಡಳು. ಅವರ ಕೈಯಿಂದ ಕೋಟು ತೆಗೆದುಕೊಂಡು ಗೋಡೆಯ ಮೊಳೆಗೆ ನೇತುಹಾಕಿದಳು.

"ಬೇಸಿಗೆ ಮುಗಿಯೋ ತನಕ ಇದು ಇಲ್ಲೇ ಇರಲಿ."