ಬಂಕಿನ ಜಾಗದ ಮೂಡಣ ಮೂಲೆ

ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಆರೂವರೆಗೆ ಶ್ರೀನಿವಾಸ್ ಠಾಣೆಗೆ ಬಂದಾಗ ಅವನ ಅಂಗಿಯೆಲ್ಲ ಸುಟ್ಟ ಟೈರಿನ ವಾಸನೆ ಹೊಡೆಯುತ್ತಿತ್ತು. ಜೂಜುವಾಡಿಯ ಹಿಂದಿನ ಬಡಾವಣೆಗೆ ಅಂಟಿಕೊಂಡಂತೆ ಅವನು ಪೆಟ್ರೋಲ್ ಬಂಕ್ ಕಟ್ಟಿಸಲು ಹೊರಟಿದ್ದ. ಬೆಳಗಿನ ಜಾವ ಯಾರೋ ಅಲ್ಲಿ ನಿಲ್ಲಿಸಿದ್ದ ಜೆಸಿಬಿಗೆ ಬೆಂಕಿ ಇಟ್ಟಿದ್ದರು. ಶೆಡ್ಡಿನಲ್ಲಿ ಮಲಗಿದ್ದ ಆಪರೇಟರ್ ಕುಮಾರೇಶ್ ಆರಿಸಲು ಓಡಿ ಎರಡೂ ಕೈ ಸುಟ್ಟುಕೊಂಡಿದ್ದ.

"ಯಾರ ಮೇಲೆ ಅನುಮಾನ?" ಇನ್ಸ್‌ಪೆಕ್ಟರ್ ಚಂದ್ರಲೇಖಾ ಕೇಳಿದರು.

"ಇಡೀ ಬಡಾವಣೆ ಮೇಲೇನೇ ಮೇಡಂ. ಎರಡು ತಿಂಗಳಿಂದ ಶಾಮಿಯಾನ ಹಾಕ್ಕೊಂಡು ಕೂತವ್ರೆ. ಮಿಷನ್ ಇಳಿಸಿದ್ರೆ ಸುಟ್ಟಾಕ್ತೀವಿ ಅಂತ ಅವರ ಲೀಡರ್ ಹನುಮಂತರಾಯಪ್ಪ ಮೈಕಲ್ಲೇ ಕೂಗವ್ನೆ."

ಠಾಣೆ ಗಡಿಯಾಚೆಯ ತಮಿಳು ಸೀಮೆಯದು, ಎಫ್‌ಐಆರ್ ತಮಿಳಿನಲ್ಲಿ ದಾಖಲಾಯಿತು. ಚಂದ್ರಲೇಖಾ ಗಡಿಯೂರು ಬೇರಿಕೆಯವರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು ಕಲಿತು ಬೆಳೆದವರು. ಹಾಗಾಗಿ ಗಡಿಯ ಕೇಸುಗಳು ಹೆಚ್ಚಾಗಿ ಅವರ ಮೇಜಿಗೇ ಬಂದು ಬೀಳುತ್ತಿದ್ದವು. ಕಾನ್‌ಸ್ಟೇಬಲ್ ಮುರಳಿಕೃಷ್ಣನನ್ನು ಕರೆದುಕೊಂಡು ಅವರು ಸ್ಥಳಕ್ಕೆ ಹೋದರು.

ಜೆಸಿಬಿಯ ಕ್ಯಾಬಿನ್ ಕರಕಲಾಗಿತ್ತು. ಮೂಡಣ ಮೂಲೆಯಲ್ಲಿ ಟ್ಯಾಂಕಿನ ಗುಂಡಿಗೆಂದು ಸುಣ್ಣದ ಪುಡಿಯ ಗೆರೆ ಹಾಕಿದ್ದರು, ಇನ್ನೂ ಅಗೆದಿರಲಿಲ್ಲ. ಬೇಲಿಯಾಚೆ ಖಾಲಿ ಶಾಮಿಯಾನ. "ಶಾಲೆಯ ಪಕ್ಕ ಬಂಕ್ ಬೇಡ, ನಮ್ಮ ಬೋರ್‌ವೆಲ್ ನೀರು ಉಳಿಸಿ" ಎಂಬ ಬ್ಯಾನರು ಗಾಳಿಗೆ ಪಟಪಟ ಅನ್ನುತ್ತಿತ್ತು.

ಕಾರ್ಖಾನೆಯಿಂದ ನಿವೃತ್ತನಾದ ಹನುಮಂತರಾಯಪ್ಪ ಮನೆಯಲ್ಲೇ ಇದ್ದ. ಮುಖ ಬಿಳುಚಿಕೊಂಡಿತ್ತು.

"ಕೋಪಕ್ಕೆ ಒಂದು ಮಾತು ಅಂದ್ಬುಟ್ಟೆ ಕಣಮ್ಮ. ಶುಕ್ರವಾರ ಕೃಷ್ಣಗಿರೀಲಿ ಕಲೆಕ್ಟರ್ ಮುಂದೆ ವಿಚಾರಣೆ ಐತೆ. ಗೆಲ್ಲೋ ಕೇಸು ನಮ್ದು. ಈ ಹೊತ್ನಲ್ಲಿ ನಾವ್ಯಾಕೆ ಬೆಂಕಿ ಇಡಾನ? ಇಟ್ಟವನು ನಮ್ಮ ಹೊಟ್ಟೆ ಮೇಲೆ ಹೊಡ್ದವ್ನೆ."

ಆ ಮಾತು ಚಂದ್ರಲೇಖಾ ಅವರಿಗೆ ಸರಿಯೆನಿಸಿತು. ಬಡಾವಣೆಯವರು ಶುಕ್ರವಾರದವರೆಗೆ ಕಾಯಬಹುದಿತ್ತು. ಬೆಂಕಿ ಇಟ್ಟವನಿಗೆ ಮಾತ್ರ ಕಾಯಲು ಆಗಿರಲಿಲ್ಲ. ಯಾಕೆ?

ಹನ್ನೊಂದು ಗಂಟೆಗೆ ಅವರು ಆಸ್ಪತ್ರೆಯಲ್ಲಿ ಕುಮಾರೇಶನ ಹೇಳಿಕೆ ಪಡೆದರು. ಉದ್ದನಪಲ್ಲಿಯ ಹುಡುಗ. ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಜೆಸಿಬಿಯ ಲಿವರ್ ಹಿಡಿಯುವಷ್ಟು ಬೆರಳು ಮಡಚುವುದು ಅನುಮಾನ ಎಂದು ಡಾಕ್ಟರು ಹೊರಗೇ ಹೇಳಿದ್ದರು.

"ಮುಖ ನೋಡಿದೆಯಾ?"

"ಇಲ್ಲ ಮೇಡಂ, ಟವೆಲ್ ಸುತ್ಕೊಂಡಿದ್ದ. ಅಂಗಿಗೆ ಬೆಂಕಿ ಹತ್ಕೊಂಡು ನಾನು ಕಿರುಚ್ಕೊಂಡಾಗ ಓಡ್ತಿದ್ದವನು ವಾಪಸ್ ಬಂದ. ಕೈಯಲ್ಲೇ ನನ್ನ ಅಂಗಿ ಕಿತ್ತು ಮಣ್ಣೆರಚಿದ. 'ನೀನು ಇಲ್ಲೇ ಮಲಗಿದ್ದೀಯ ಅಂತ ಗೊತ್ತಿಲ್ಲ ಕಣಪ್ಪ, ಗೊತ್ತಿಲ್ಲ ಕಣಪ್ಪ' ಅಂತ ಅಳ್ತಿದ್ದ."

"ಆ ದನಿ ಮೊದಲು ಎಲ್ಲಾದರೂ ಕೇಳಿದ್ದೆಯಾ?"

ಕುಮಾರೇಶ್ ಚಮಚ ಸಾಕೆಂದು ಹೆಂಡತಿಗೆ ತಲೆಯಾಡಿಸಿದ. "ನಿನ್ನೆ ಸಂಜೆ ಒಬ್ರು ಬಂದಿದ್ರು, ಫ್ಯಾಕ್ಟರಿ ಯೂನಿಫಾರಂ ಹಾಕಿದ್ರು. ಅವರ ದನೀನೂ ಹಂಗೇ ಇತ್ತು. ಮೂಡಣ ಮೂಲೆ ಯಾವಾಗ ಅಗೀತೀಯ ಅಂದ್ರು. ಬೆಳಿಗ್ಗೆ ಅಂದೆ. ಆ ಮೂಲೆ ಒಂದು ಬಿಟ್ಬಿಡಪ್ಪ ಅಂದ್ರು."

"ಬಂಕೇ ಬೇಡ ಅನ್ನಲಿಲ್ಲವಾ?"

"ಇಲ್ಲ ಮೇಡಂ. ಮೂಲೆ ಮಾತ್ರ."

ಹೊರಗೆ ಬಂದ ಚಂದ್ರಲೇಖಾ ಜೀಪಿಗೆ ಒರಗಿ ನಿಂತರು. "ಊರಿಗೆಲ್ಲ ಬಂಕೇ ಬೇಡ. ಇವನಿಗೆ ಮೂಲೆ ಒಂದು ಬೇಕು. ಮುರಳಿ, ಆ ಜಮೀನು ಮೊದಲು ಯಾರದ್ದು?"

ಜಮೀನು ವೆಂಕಟರಮಣಪ್ಪ ಎಂಬ ಮುದುಕನದ್ದು. ಮಾರಿದ ಮೇಲೆ ಬೇರಿಕೆಯಲ್ಲಿ ಮಗಳ ಮನೆಯಲ್ಲಿದ್ದ. ಮಧ್ಯಾಹ್ನ ಇವರು ಹೋದಾಗ ಅಂಗಳದಲ್ಲಿ ಹುರುಳಿಕಾಳು ಹಸನು ಮಾಡುತ್ತಿದ್ದ. ಮೂಡಣ ಮೂಲೆ ಎಂದ ಕೂಡಲೇ ಮೊರ ಕೆಳಗಿಟ್ಟ.

"ಅದನ್ನೂ ಅಗ್ದುಬುಟ್ರಾ ತಾಯಿ?"

"ಇನ್ನೂ ಇಲ್ಲ. ಅಲ್ಲಿ ಏನಿದೆ?"

"ಒಂದು ಎಳೆಗೂಸು ಐತೆ. ಹತ್ತನ್ನೆರಡು ವರ್ಷ ಆಯ್ತು. ಫ್ಯಾಕ್ಟರಿ ಕೆಲಸಕ್ಕೆ ಅಂತ ಮಾಗಡಿ ಕಡೆಯಿಂದ ಬಂದ ಹುಡುಗ, ಭೈರೇಶ. ಆಸ್ಪತ್ರೇಲಿ ಮಗ ಎರಡೇ ದಿನ ಬದುಕಿತ್ತಂತೆ. ಟವೆಲ್‌ನಾಗೆ ಸುತ್ಕೊಂಡು, ಬಿಸಿಲಾಗೆ ರಸ್ತೆಗುಂಟ ನಡ್ಕಂಡು ಬತ್ತಿದ್ದ. ಎಲ್ಲಿಗೆ ಹೋಯ್ತಿದೀಯಪ್ಪ ಅಂದೆ. ನನಗೆ ಈ ಊರಲ್ಲಿ ಜಾಗ ಇಲ್ಲ ಯಜಮಾನ್ರೆ ಅಂದ. ನಾನೇ ಗುದ್ದಲಿ ಕೊಟ್ಟೆ. ನನ್ನ ಹೆಂಡ್ರು ರಾಮಲಕ್ಷ್ಮಮ್ಮ ಒಂದು ಲೋಟ ಹಾಲು ತಂದು ಮಣ್ಣಿನ ಮೇಲೆ ಹುಯ್ದಳು." ಮುದುಕ ಕಣ್ಣೊರೆಸಿಕೊಂಡ. "ಜಮೀನು ಮಾರೋವಾಗ ಬಾಯಿ ಬಿಡಲಿಲ್ಲ ತಾಯಿ. ಹೇಳಿದ್ರೆ ಯಾರು ತಗೋತಿದ್ರು?"

ಭೈರೇಶ್ ಬಡಾವಣೆಯ ಎರಡನೇ ಅಡ್ಡರಸ್ತೆಯಲ್ಲೇ ಬಾಡಿಗೆಗಿದ್ದ. ಕಾರ್ಖಾನೆಯ ಗೇಟಿನಲ್ಲಿ ವಿಚಾರಿಸಿದರೆ, ಆ ದಿನ ಜ್ವರವೆಂದು ರಜೆ ಹಾಕಿದ್ದ. ನಾಲ್ಕು ಗಂಟೆಗೆ ಬಾಗಿಲು ತೆರೆದವನ ಬಲಗೈಗೆ ಬಟ್ಟೆ ಸುತ್ತಿತ್ತು. ಚಂದ್ರಲೇಖಾ ಅದನ್ನು ನೋಡಿದರು. ಅವನು ಕೈ ಬಚ್ಚಿಡಲಿಲ್ಲ.

"ಆ ಹುಡುಗ ಹೆಂಗವ್ನೆ ಮೇಡಂ?"

"ಬದುಕಿದ್ದಾನೆ. ಎರಡೂ ಕೈ ಸುಟ್ಟುಹೋಗಿದೆ."

ಭೈರೇಶ್ ಬಾಗಿಲ ಚೌಕಟ್ಟು ಹಿಡಿದು ನಿಂತ. ಆಮೇಲೆ ತಾನಾಗಿಯೇ ಚಪ್ಪಲಿ ಮೆಟ್ಟಿಕೊಂಡು ಜೀಪಿನ ಕಡೆ ನಡೆದ.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಬೈಕಿನ ಪೆಟ್ರೋಲನ್ನೇ ಕ್ಯಾನಿಗೆ ಇಳಿಸಿಕೊಂಡಿದ್ದ. ಮಿಷನ್ ಕೆಟ್ಟರೆ ಶುಕ್ರವಾರದ ತನಕ ಕೆಲಸ ನಿಲ್ಲುತ್ತದೆ ಎಂದುಕೊಂಡಿದ್ದ.

"ಶ್ರೀನಿವಾಸ್‌ಗೆ ಹೇಳಬಹುದಿತ್ತಲ್ಲ? ಹನುಮಂತರಾಯಪ್ಪನಿಗೆ?"

"ಹೇಳಿದ್ರೆ ಉಷಾಗೆ ಗೊತ್ತಾಗ್ತಿತ್ತು ಮೇಡಂ."

"ಹೆಂಡತಿಗೆ ಗೊತ್ತಿಲ್ಲವಾ?"

"ಆಪರೇಷನ್ ಆಗಿ ಎಚ್ಚರ ಇಲ್ದೆ ಮಲಗಿದ್ಲು. ಮುಖಾನೂ ನೋಡ್ಲಿಲ್ಲ. ಎಲ್ಲಿ ಅಂತ ಕೇಳಿದಾಗ ಆಸ್ಪತ್ರೆಯೋರೇ ಎಲ್ಲ ಮಾಡಿದ್ರು ಅಂದೆ. ಹತ್ರದಲ್ಲೇ ಅಂತ ಗೊತ್ತಾದ್ರೆ ದಿನಾ ಹೋಗಿ ಕೂರ್ತಾಳೆ, ಬದುಕಲ್ಲ ಅಂತ ಭಯ ಆಯ್ತು. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಹೇಳೋಕೆ ಬಾಯೇ ಬರಲಿಲ್ಲ." ಅವನು ತಲೆ ಬಗ್ಗಿಸಿದ. "ಮೊದಲ ವಾರ, ಬೇಲಿ ಹಾಕೋಕೆ ಮುಂಚೆ, ಶಾಮಿಯಾನ ಆ ಮೂಲೇಲೇ ಹಾಕಿದ್ರು. ಬುತ್ತಿ ತಗೊಂಡ್ಹೋಗಿ ಅವನ ಮೇಲೇನೇ ಕೂತು ಊಟ ಮಾಡ್ತಿದ್ಲು ಮೇಡಂ. ಎಲ್ಲರ ಜೊತೆ ನಗ್ತಿದ್ಲು. ನಾನು ರಸ್ತೇಲಿ ನಿಂತ್ಕೊಂಡು ನೋಡ್ತಿದ್ದೆ."

ಮುರಳಿಕೃಷ್ಣ ಎದ್ದು ಹೋಗಿ ನೀರು ತಂದುಕೊಟ್ಟ.

ಬಂಧನದ ಸುದ್ದಿ ಮನೆಯವರಿಗೆ ತಿಳಿಸಬೇಕಾದ್ದು ನಿಯಮ. ಗಾರ್ಮೆಂಟ್ಸ್ ಕೆಲಸದಿಂದ ಉಷಾರಾಣಿ ನೇರ ಠಾಣೆಗೇ ಬಂದಳು. "ನಮ್ಮನೆಯೋರು ಇರುವೆ ತುಳಿಯೋರಲ್ಲ ಮೇಡಂ, ಯಾಕೆ ಹಿಂಗೆ ಮಾಡಿದ್ರು?" ಎಂದು ಕೇಳಿದಳು. ಗಂಡ ತಲೆ ಎತ್ತಲಿಲ್ಲ. ಮಗು ಎಲ್ಲಿದೆ ಎಂದು ಹೇಳುವ ಕೆಲಸ ಚಂದ್ರಲೇಖಾ ಅವರ ಪಾಲಿಗೇ ಬಂತು. ಎಷ್ಟೋ ಮನೆಗಳಿಗೆ ಸಾವಿನ ಸುದ್ದಿ ಮುಟ್ಟಿಸಿದವರು ಅವರು. ಅಷ್ಟು ಹಳೆಯ ಸಾವನ್ನು ಹೊಸದಾಗಿ ಹೇಳಿದ್ದು ಅದೇ ಮೊದಲು. ಉಷಾರಾಣಿ ಅಳಲಿಲ್ಲ. "ಆ ಜಾಗಕ್ಕೆ ನಾನೂ ಬತ್ತೀನಿ" ಎಂದಳು, ಅಷ್ಟೆ.

ಸಂಜೆ ಐದೂವರೆಗೆ ಇಬ್ಬರು ಪಂಚರ ಮುಂದೆ ಭೈರೇಶ್ ಬಂಕಿನ ಜಾಗದ ಪಕ್ಕದ ಚರಂಡಿಯಲ್ಲಿ ಎಸೆದಿದ್ದ ಕ್ಯಾನು ತೋರಿಸಿದ. ಮುರಳಿಕೃಷ್ಣ ಪಂಚನಾಮೆ ಬರೆದುಕೊಂಡ. ಆಮೇಲೆ ಚಂದ್ರಲೇಖಾ ಅವನಿಗೆ ಹೋಗು ಎಂಬಂತೆ ತಲೆಯಾಡಿಸಿದರು. ಭೈರೇಶ್ ಸುಣ್ಣದ ಗೆರೆ ದಾಟಿ ಒಂದು ಕಡೆ ನಿಂತ.

"ಇಲ್ಲೇ" ಎಂದ.

ಉಷಾರಾಣಿ ಚಪ್ಪಲಿ ಬಿಟ್ಟು ಬಂದಳು. ಬರೀ ಮಣ್ಣು, ಒಣಹುಲ್ಲು. ತುಂಬ ಹೊತ್ತು ನೋಡಿದಳು.

"ಯಾರ ಹಂಗಿತ್ತು?"

"ನಿನ್ನ ಹಂಗೇ. ಹಣೆ, ಮೂಗು, ಎಲ್ಲ."

"ತಲೆ ಯಾವ ಕಡೆ ಇಟ್ರಿ?"

ಅವನು ಕಟ್ಟು ಸುತ್ತಿದ ಕೈಯಿಂದ ದಕ್ಷಿಣ ತೋರಿಸಿದ. ಅವಳು ಆ ಬದಿಗೆ ಹೋಗಿ ಕಾಲು ಮಡಚಿ ಕೂತಳು. ಎಳೆಗೂಸಿನ ನೆತ್ತಿ ಮುಟ್ಟುವಷ್ಟು ಹಗುರವಾಗಿ ನೆಲದ ಮೇಲೆ ಅಂಗೈ ಇಟ್ಟಳು. ಆಗ ಅವಳಿಗೆ ಅಳು ಬಂತು.

ಬೇಲಿಯಾಚೆ ಬಡಾವಣೆಯವರು ಸೇರಿದ್ದರು. ಹನುಮಂತರಾಯಪ್ಪ ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಶ್ರೀನಿವಾಸ್ ಬಂದು ಸುಣ್ಣದ ಗೆರೆಯ ಆಚೆಯೇ ನಿಂತ. ಶುಕ್ರವಾರ ಕಲೆಕ್ಟರ್ ಏನು ತೀರ್ಮಾನ ಕೊಡುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಕುಮಾರೇಶನ ಕೈ ಮತ್ತೆ ಮೊದಲಿನಂತಾಗುವುದಿಲ್ಲ. ಭೈರೇಶ್ ಜೈಲಿಗೆ ಹೋಗಲೇಬೇಕು. ಅದರಲ್ಲಿ ಚಂದ್ರಲೇಖಾ ಅವರಿಗೆ ಯಾವ ಸಂದೇಹವೂ ಇರಲಿಲ್ಲ.

"ಮೇಡಂ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಹೊತ್ತಾಗುತ್ತೆ" ಎಂದು ಮುರಳಿಕೃಷ್ಣ ಮೆಲ್ಲಗೆ ನೆನಪಿಸಿದ.

"ಗೊತ್ತು" ಎಂದ ಚಂದ್ರಲೇಖಾ ಜೀಪಿನ ಕಡೆ ಹೋಗಿ, ಇಂಜಿನ್ ಆರಿಸುವಂತೆ ಡ್ರೈವರಿಗೆ ಹೇಳಿದರು.