ಸಿಗುವ ಸ್ಥಳ: ಸರ್ ಮನೆ, ಖಾನಾಪುರ

"ಇಪ್ಪತ್ತಾರು ಪುಸ್ತಕ ರೀ! ಇಪ್ಪತ್ತಾರು! ಮನ್ಯಾಗ ಉಪ್ಪಿನಕಾಯಿ ಹಾಕೀರೇನು ಅವನ್ನ?"

ಲೈಬ್ರರಿ ಕೌಂಟರಿನ ಆಚೆ ನಿಂತಿದ್ದವನು ಕನ್ನಡಕ ಸರಿಮಾಡಿಕೊಂಡ. ಎತ್ತರದ ಆಳು, ತೋಳು ಮಡಿಚಿದ ಬಿಳಿ ಅಂಗಿ, ಮುಖದಲ್ಲಿ ಒಂಚೂರೂ ನಾಚಿಕೆಯಿಲ್ಲದ ನಗು.

"ನೀವು ಪ್ರಮಿಳಾ ಅವ್ರೇನ್ರಿ? ಚೀಟಿ ಕಳಸ್ತಿದ್ದವ್ರು?"

"ಹೌದ್ರಿ. ಒಂಬತ್ತು ಚೀಟಿ! ಒಂದಕ್ಕಾದ್ರೂ ಉತ್ತರ ಬರೀಬೇಕು ಅನಿಸಲಿಲ್ಲೇನು ನಿಮಗ?"

ಎಂ.ಎ. ಇತಿಹಾಸ ಕಲಿಸುವ ಬಸವಪ್ರಸಾದನನ್ನು ಅವಳು ನೋಡಿದ್ದು ಇವತ್ತೇ ಮೊದಲು. ದಿನವಿಡೀ ಕಂಪ್ಯೂಟರ್ ಕೋಣೆಯಲ್ಲಿ ಕೂರುವವಳು ಕೌಂಟರಿಗೆ ಬರುತ್ತಿದ್ದದ್ದೇ ಅಪರೂಪ. ಆದರೆ ಅವನ ಹೆಸರನ್ನು ಮಾತ್ರ ರಿಜಿಸ್ಟರಿನ ಪುಟಪುಟದಲ್ಲೂ ಕಂಡು ಕಂಡು ರೋಸಿ ಹೋಗಿದ್ದಳು.

ಅದು ಎರಡು ಸಾವಿರದ ಎರಡನೇ ಇಸವಿ. ಬೆಳಗಾವಿಯ ಆ ಕಾಲೇಜಿಗೆ ಹೊಸದಾಗಿ ವೆಬ್‌ಸೈಟ್ ಬಂದಿತ್ತು. ಪ್ರತಿ ವಿಷಯಕ್ಕೂ ವಿದ್ಯಾರ್ಥಿಗಳು ಓದಬೇಕಾದ ಪುಸ್ತಕಗಳ ಪಟ್ಟಿ ಮಾಡಿ ಅದರಲ್ಲಿ ಹಾಕುವುದು ಪ್ರಮಿಳಾಳ ಕೆಲಸ. ಪುಸ್ತಕದ ಹೆಸರು, ಬರೆದವರು, ಕೊನೆಗೆ 'ಸಿಗುವ ಸ್ಥಳ'. ಕೇಳುವುದಕ್ಕೆ ಎಷ್ಟು ಸಲೀಸು! ಮಾಡುವವರ ಪಾಡು ನೀವೇ ಯೋಚಿಸಿ. ಫೋನ್ ಲೈನ್ ಕಿರ್ರೆಂದು ಕಿರುಚಿ ಇಂಟರ್ನೆಟ್ ಹತ್ತಬೇಕು, ಹತ್ತಿದ್ದು ನಡುವೆ ಕೈಕೊಡಬಾರದು, ಅಷ್ಟರಲ್ಲಿ ಕರೆಂಟ್ ಹೋಗಬಾರದು...

ಮೇಲಾಗಿ ಅವಳದು ತಾತ್ಕಾಲಿಕ ನೌಕರಿ. "ಸೋಮವಾರ ತಪಾಸಣಿ ಸಮಿತಿ ಬರ್ತೈತಿ. ಅಷ್ಟರಾಗ ಎಲ್ಲಾ ಪಟ್ಟಿ ಪೂರಾ ಆಗಿದ್ರ ನೌಕರಿ ಮುಂದುವರಿತೈತಿ. ಇಲ್ಲಂದ್ರ ಇಲ್ಲ" ಎಂದು ಮುಖ್ಯ ಗ್ರಂಥಪಾಲಕ ಬಂಡೆಪ್ಪ ಸರ್ ಖಡಾಖಂಡಿತ ಹೇಳಿಬಿಟ್ಟಿದ್ದರು. ಕಾಕತಿಯ ಮನೆಯಲ್ಲಿ ಅವಳ ಪಗಾರವನ್ನೇ ನಂಬಿಕೊಂಡ ಅವ್ವ ಇದ್ದಳು. ಎಲ್ಲ ವಿಷಯದ ಪಟ್ಟಿಯೂ ಮುಗಿದಿತ್ತು. ಇತಿಹಾಸದ್ದೊಂದೇ ಬಾಕಿ. 'ಸಿಗುವ ಸ್ಥಳ' ಏನೆಂದು ಬರೆಯುವುದು? ಆ ಪುಸ್ತಕಗಳೆಲ್ಲ ಈ ಮಹಾಶಯನ ಹತ್ತಿರ!

"ಮುಂದಿನ ವಾರ ತರ್ತೀನ್ರಿ," ಎಂದ ಬಸವಪ್ರಸಾದ.

"ಯಾವ ಮುಂದಿನ ವಾರ? ಕ್ಯಾಲೆಂಡರ್ದಾಗ ಐತೇನ್ರಿ ಅದು?"

ಅವನು ತಲೆ ತಗ್ಗಿಸಿ ನಕ್ಕ. ಆಮೇಲೆ ಕಂಕುಳಲ್ಲಿದ್ದ ದಪ್ಪ ಪುಸ್ತಕವನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟ. "ಇದೊಂದು... ನನ್ನ ಹೆಸರಿಗೆ ಬರೀರಿ."

ಇಪ್ಪತ್ತೇಳು!

ವಿದ್ಯಾರ್ಥಿಗಳ ಕಾರ್ಡಿಗೆ ಎರಡೇ ಪುಸ್ತಕ. ಪಾಠ ಮಾಡುವವರಿಗೆ ಮಿತಿಯೇ ಇಲ್ಲ. ಹಲ್ಲು ಕಚ್ಚಿ ಬರೆದುಕೊಟ್ಟಳು.

'ನಗು ನೋಡು... ಥೂ, ನಗು ಚೆಂದ ಇದ್ರ ಏನಾತು? ಮನಷ್ಯಾ ಚೆಂದ ಇರಬೇಕಲ್ಲ!' ಎಂದುಕೊಂಡಳು. ನಗು ಚೆಂದವಿದೆ ಎಂದು ತನಗೇಕೆ ಅನಿಸಿತು ಎಂದು ಇನ್ನಷ್ಟು ಸಿಟ್ಟು ಬಂತು.

ಅದೇ ಸಿಟ್ಟಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು, ಇಪ್ಪತ್ತೇಳೂ ಪುಸ್ತಕಗಳ ಎದುರಿಗೆ ಒಂದೇ ಸಾಲು ಕುಟ್ಟಿದಳು: 'ಸಿಗುವ ಸ್ಥಳ: ಬಸವಪ್ರಸಾದ ಸರ್ ಮನೆ, ಖಾನಾಪುರ'. ಪಟ್ಟಿ ವೆಬ್‌ಸೈಟಿಗೆ ಏರಿತು.

ಸಿಟ್ಟು ಇಳಿದ ಮೇಲೆ ಅಳಿಸೋಣವೆಂದರೆ ಫೋನ್ ಲೈನೇ ಸತ್ತಿತ್ತು! ಎರಡು ದಿನ ಬದುಕಲಿಲ್ಲ. ಅಷ್ಟರಲ್ಲಿ ಬಂಡೆಪ್ಪ ಸರ್ ಪಟ್ಟಿಯನ್ನು ಓದದೆಯೇ ಪ್ರಿಂಟ್ ತೆಗೆಸಿ ನೋಟಿಸ್ ಬೋರ್ಡಿಗೂ ಅಂಟಿಸಿದ್ದರು. ಓದಿದ್ದು ಶನಿವಾರ.

"ಏನವ್ವಾ ಇದು? ಕಾಲೇಜಿನ ಮಾನ ಹರಾಜ ಹಾಕಿದ್ಯಲ್ಲ! ಸೋಮವಾರ ಮುಂಜಾನಿ ಅಷ್ಟೂ ಪುಸ್ತಕ ಕಪಾಟಿನ್ಯಾಗ ಇರಬೇಕು. ಇಲ್ಲಾ, ನೀನು ಬರೂದ ಬ್ಯಾಡ!"

ಭಾನುವಾರ ಬೆಳಗ್ಗೆ ಪ್ರಮಿಳಾ ರೈಲು ಹತ್ತಿದಳು. ದೇಸೂರ ಸ್ಟೇಷನ್ ದಾಟುವವರೆಗೂ ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು. ಖಾನಾಪುರದಲ್ಲಿ ಇಳಿದು ದಾರಿ ಕೇಳಿದರೆ, ತರಕಾರಿ ಮಾರುವ ಅಜ್ಜಿ ನಕ್ಕು ಮರಾಠಿಯಲ್ಲಿ ಹೇಳಿದಳು.

"ಜಿಥಂ ಚಪ್ಲಾ ದಿಸ್ತೀಲ, ತೇಚ ಘರ!"

ಚಪ್ಪಲಿ ಕಾಣುವ ಮನೆಯೇ ಅವನದಂತೆ. ಹೌದು... ಬಾಗಿಲಲ್ಲಿ ಚಪ್ಪಲಿಗಳ ರಾಶಿ! ಒಳಗೆ ಪಡಸಾಲೆಯ ತುಂಬ ಚಾಪೆ ಹಾಸಿ, ಹುಡುಗ ಹುಡುಗಿಯರು ತಲೆ ತಗ್ಗಿಸಿ ಓದುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ಅವರ ನಡುವೆ ಅವಳ ಇಪ್ಪತ್ತೇಳು ಪುಸ್ತಕಗಳು.

"ಯಾರವ್ವಾ? ನೀನೂ ಪಟ್ಟಿ ನೋಡಿ ಬಂದಿಯೇನು?" ಬಸವಪ್ರಸಾದನ ತಾಯಿ ನಿಂಗವ್ವ ಚಹಾದ ತಟ್ಟೆ ಹಿಡಿದು ಹೊರಬಂದರು. "ಯಾವಾಕೋ ಪುಣ್ಯಾತಗಿತ್ತಿ ನಮ್ಮ ಮನಿ ವಿಳಾಸ ಹಾಕ್ಯಾಳಂತ! ಬೆಳಗಾವಿಯಿಂದನೂ ಬರಾಕತ್ತಾರ. ಚಾ ಮಾಡಿ ಮಾಡಿ ನನ್ನ ಕೈ ಸೋತ್ವು!"

ಪ್ರಮಿಳಾ ಜೋಡಿಸಿಕೊಂಡು ಬಂದಿದ್ದ ಬೈಗುಳಗಳನ್ನೆಲ್ಲ ಮರೆತು, ಆ ರಾಶಿಯಲ್ಲೇ ತನ್ನ ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದಳು.

ಮನಿಷಾ ಎಂಬ ಹುಡುಗಿ ಸರಿದು ಜಾಗ ಕೊಟ್ಟಳು. "ಕುಂದರ್ರಿ ಅಕ್ಕಾ. ನಮ್ಮೂರು ಕಾಡಿನ ಬಾಜೂಕ ಐತಿ. ಕ್ಲಾಸ್ ಬಿಟ್ಟ ಕೂಡಲೇ ಗಾಡಿ ಹಿಡೀಬೇಕು, ಲೈಬ್ರರಿಗೆ ಹೋಗಾಕ ಹೊತ್ತ ಸಿಗಂಗಿಲ್ಲ. ಇರೂದು ಒಂದೊಂದ ಪ್ರತಿ. ಒಬ್ಬರು ಒಯ್ದ್ರ ಉಳದವ್ರಿಗಿಲ್ಲ. ಸರ್ ಇಲ್ಲಿ ತಂದಿಟ್ಟಾರಂತ ಎಲ್ಲಾರೂ ಓದ್ತೀವಿ. ಈಗ ಓದಾಕ ರಜಾ ಕೊಟ್ಟಾರ, ಇನ್ನ ಹತ್ತ ದಿನಕ್ಕ ಪರೀಕ್ಷಾ."

ಹಿತ್ತಲಲ್ಲಿ ನೀರು ಸೇದುತ್ತಿದ್ದ ಬಸವಪ್ರಸಾದ ಅವಳನ್ನು ಕಂಡು ಹಗ್ಗ ಹಿಡಿದೇ ನಿಂತ.

"ಹೇಳಾಕ ಬಾಯಿ ಇರಲಿಲ್ಲೇನ್ರಿ ನಿಮಗ?" ಪ್ರಮಿಳಾ ಹಿತ್ತಲಿಗೇ ಬಂದಳು. "ಒಂಬತ್ತು ಚೀಟಿ! ನಿಮ್ಮನ್ನ ಪುಸ್ತಕದ ಕಳ್ಳ ಅಂತ ತಿಳಕೊಂಡಿದ್ನಲ್ಲ ನಾನು!"

"ಲೈಬ್ರರಿ ಪುಸ್ತಕ ಮನ್ಯಾಗ ಮಂದಿಗೆ ಕೊಡೂದು ನಿಯಮಕ್ಕ ವಿರುದ್ಧ ರೀ. ನಿಮಗ ಗೊತ್ತಿದ್ದೂ ಸುಮ್ಮನಿದ್ರಿ ಅಂದ್ರ ನಿಮ್ಮ ನೌಕರಿಗೆ ಕುತ್ತು. ಅದಕ್ಕ... ಬೈಸ್ಕೊಳ್ಳೂದ ಚಲೋ ಅನಿಸ್ತು."

ತನ್ನನ್ನು ಉಳಿಸಲು ಬೈಸಿಕೊಂಡನೇ? ಅವಳ ಕಣ್ಣು ತುಂಬಿದವು. ಬಂಡೆಪ್ಪ ಸರ್ ಹೇಳಿದ್ದನ್ನೆಲ್ಲ ಹೇಳಿಬಿಟ್ಟಳು. ಕೇಳಿದವನೇ ಬಸವಪ್ರಸಾದ ಪಡಸಾಲೆಗೆ ಚೀಲ ತಂದು ಪುಸ್ತಕ ತುಂಬತೊಡಗಿದ. ಮನಿಷಾ ಅರ್ಧ ಬರೆದುಕೊಂಡಿದ್ದ ಪುಟವನ್ನು ಹಾಗೇ ಮುಚ್ಚಿ ಕೊಟ್ಟಳು.

ಆ ಪುಸ್ತಕ ಚೀಲಕ್ಕೆ ಬೀಳುವ ಮೊದಲೇ ಪ್ರಮಿಳಾ ಕಿತ್ತುಕೊಂಡಳು.

"ಇಡ್ರಿ ಕೆಳಗ! ಓದೂ ಮಂದಿ ಇಲ್ಲಿ, ಪುಸ್ತಕ ಅಲ್ಲಿ ಕಪಾಟಿನ್ಯಾಗ! ಯಾರ ಉದ್ಧಾರಕ್ಕ?"

"ನಿಮ್ಮ ನೌಕರಿ..."

"ನನ್ನ ನೌಕರಿ ನಾ ನೋಡ್ಕೋತೀನಿ!"

ಧೈರ್ಯದ ಮಾತೇನೋ ಆಡಿಬಿಟ್ಟಳು. ರಾತ್ರಿ ಅವ್ವನ ಮುಖ ನೋಡಿ, ಉಳಿದಿದ್ದ ಪಗಾರದ ದುಡ್ಡನ್ನು ಎರಡೆರಡು ಸಲ ಎಣಿಸಿದಳು.

ಸೋಮವಾರ ಸಮಿತಿಯ ಹಿರಿಯರು ಪಟ್ಟಿ ನೋಡುತ್ತ ಹುಬ್ಬೇರಿಸಿದರು. ಬಂಡೆಪ್ಪ ಸರ್ ಬೆವರು ಒರೆಸಿಕೊಂಡರು. ಪ್ರಮಿಳಾ ಎದ್ದು ನಿಂತು, ಮರೆಮಾಚದೆ ಇದ್ದದ್ದು ಇದ್ದ ಹಾಗೆ ಹೇಳಿದಳು. "ತಪ್ಪು ನಂದು" ಎಂದು ಬಸವಪ್ರಸಾದ ಹಿಂದಿನಿಂದ ಎದ್ದ.

"ಆ ಮನಿ ನೋಡಬಹುದೇನ್ರಿ?" ಎಂದರು ಹಿರಿಯರು.

ಎಲ್ಲರನ್ನೂ ಹತ್ತಿಸಿಕೊಂಡು ಜೀಪು ಖಾನಾಪುರಕ್ಕೆ ಹೊರಟಿತು. ಚಪ್ಪಲಿ ರಾಶಿ ದಾಟಿ, ಓದುವ ಮಕ್ಕಳನ್ನು ಕಂಡ ಹಿರಿಯರು "ಭೇಷ್!" ಎಂದರು. ಎಂದರೋ ಇಲ್ಲವೋ, ಬಂಡೆಪ್ಪ ಸರ್ ಎದೆ ಉಬ್ಬಿಸಿ ಮುಂದೆ ಬಂದರು.

"ನಮ್ಮ ಲೈಬ್ರರಿಯ ಹೊಸಾ ಯೋಜನೆ ಸರ್! ಈ ಹುಡುಗಿ ಭಾಳ ಹುಷಾರ್ ಅದಾಳ. ಇನ್ನ ಮ್ಯಾಲೆ ವಾರಕ್ಕ ಎರಡ ದಿನ ಇಲ್ಲೇ ಇದನ್ನ ನಡಸ್ಕೊಂಡು ಹೋಗ್ತಾಳ!"

ನೌಕರಿ ಉಳಿಯಿತು! ಜೀಪು ಹೋದ ಮೇಲೆ ಪ್ರಮಿಳಾ ಹಿತ್ತಲಿಗೆ ಬಂದು ಗೋಡೆಗೆ ಒರಗಿ, ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ.

ಬಸವಪ್ರಸಾದ ಹತ್ತಿರ ಬಂದ. "ಇನ್ನೂ ಸಿಟ್ಟ ಐತೇನ್ರಿ ನನ್ನ ಮ್ಯಾಲೆ?"

"ಐತಿ. ಭಾಳ ಐತಿ. ಎಲ್ಲಾ ನೀವೊಬ್ಬರ ಹೊತ್ಕೊಂಡ್ರಿ... ಅದಕ್ಕ ಸಿಟ್ಟು. ಇನ್ನ ಮ್ಯಾಲೆ ಅರ್ಧಾ ನನಗ ಕೊಡ್ರಿ."

"ಪುಸ್ತಕಾನ?"

"ಪುಸ್ತಕ ಯಾರಿಗೆ ಬೇಕ್ರೀ ಮಾರಾಯ್ರ!" ಅವಳ ಮುಖ ಕೆಂಪಾಯಿತು. "ನಿಮ್ಮ ಬಾಳಿನ್ಯಾಗ..."

ಅವನು ಕನ್ನಡಕ ತೆಗೆದ. ಕಣ್ಣು ಒದ್ದೆಯಾಗಿದ್ದವು. ಮೊದಲ ಸಲ ಅವಳ ಕೈ ಹಿಡಿದ.

"ಅರ್ಧಾ ಯಾಕ್ರಿ ಪ್ರಮಿಳಾ... ಪೂರಾ ತಗೋರಿ."